ಡೈಮಂಡ್ ಬಾರ್ ಡೈರಿ: ಪಾಪ, ಕ್ಲಚ್ ಏನು ಮಾಡಿತ್ತು?

ಮೊನ್ನೆ ನೈಟ್ ಡ್ಯೂಟಿ ಮುಗಿಸಿ 57ನೇ ಫ್ರೀವೇ ಇಳಿದು ಸಿಗ್ನಲ್‌ನಲ್ಲಿ ಕ್ಲಚ್ ಒತ್ತಿದೆ. ನನ್ನ ಹಳೇ ಗೇರ್ ಕಾರಿನ ಎಂಜಿನ್, ಆಕ್ಸಿಲರೇಟರ್ ಮುಟ್ಟದೇನೇ, ಗುಯ್ ಅಂತ ಏರಿತು. ಗ್ಯಾರೇಜಿನವನು ಫೋನಲ್ಲೇ "ಕ್ಲಚ್ ಹೋಗಿದೆ, ಬದಲಾಯಿಸಿ" ಅಂದ.

ನಾನು ಒಪ್ಪಲಿಲ್ಲ. ಹಿಸ್ಟರಿ ಕೇಳದೆ ಯಾರಾದ್ರೂ ಆಪರೇಷನ್ ಮಾಡ್ತಾರಾ? ಗೇರಲ್ಲಿ ಓಡುವಾಗ ಆರ್‌ಪಿಎಂ ಏರಿ ವೇಗ ಏರದಿದ್ರೆ ಕ್ಲಚ್ ಜಾರ್ತಿದೆ ಅನ್ನಬಹುದು. ನ್ಯೂಟ್ರಲ್‌ನಲ್ಲೂ ತಾನಾಗೇ ಏರಿದ್ರೆ ತಪ್ಪು ಬೇರೆ ಕಡೆ: ಪೆಡಲ್‌ಗೆ ಸಿಕ್ಕಿದ ಮ್ಯಾಟ್, ಅಂಟಿಕೊಂಡ ಥ್ರಾಟಲ್ ಕೇಬಲ್, ಗಲೀಜಾದ ಐಡಲ್ ವಾಲ್ವ್, ಬಿರುಕುಬಿಟ್ಟ ವ್ಯಾಕ್ಯೂಮ್ ಪೈಪ್. ರಬ್ಬರ್ ಟ್ಯೂಬನ್ನ ಸ್ಟೆತಸ್ಕೋಪ್ ಥರ ಕಿವಿಗಿಟ್ಟು ಹುಡುಕಿದೆ. ಇನ್‌ಟೇಕ್ ಹತ್ರ ಸುಯ್ ಅಂತ ಶಬ್ದ, ಪೈಪ್ ಸೀಳಿತ್ತು. ಕೆಲವೇ ಡಾಲರ್‌ನಲ್ಲಿ ಗುಣ!

ಇದು ಬರೀ ದುಡ್ಡಿನ ಮಾತಲ್ಲ. 2009ರ ಆಗಸ್ಟಿನಲ್ಲಿ ಸ್ಯಾನ್ ಡಿಯೇಗೊ ಹತ್ರದ ಸ್ಯಾಂಟೀಯಲ್ಲಿ ಲೆಕ್ಸಸ್ ಕಾರೊಂದರ ಪೆಡಲ್ ಮ್ಯಾಟಿಗೆ ಸಿಕ್ಕಿ ನಾಲ್ವರು ಸತ್ರು. ಓಡಿಸ್ತಿದ್ದವರು ಹೈವೇ ಪೊಲೀಸ್ ಅಧಿಕಾರಿ. ಮರುತಿಂಗಳೇ ಟೊಯೋಟಾ 38 ಲಕ್ಷ ಕಾರುಗಳ ಮ್ಯಾಟ್ ತೆಗೆಯಲು ಹೇಳಿತು.

ಗೇರ್ ಕಾರಿನವರಿಗೆ ಕ್ಲಚ್ ಅನ್ನೋ ವರ ಇದೆ. ಎಂಜಿನ್ ಹುಚ್ಚೆದ್ರೆ ಕ್ಲಚ್ ಒತ್ತಿ, ನ್ಯೂಟ್ರಲ್ ಹಾಕಿ, ಬ್ರೇಕ್ ಹಿಡಿದು ಪಕ್ಕಕ್ಕೆ ನಿಲ್ಲಿಸಿ, ಆಮೇಲೆ ಆಫ್ ಮಾಡಿ. ಓಡುವಾಗಲೇ ಕೀ ಎಳೀಬೇಡಿ, ಸ್ಟೀರಿಂಗ್ ಲಾಕ್ ಆಗಬಹುದು.

ಅಪ್ಪಾ, ನಿಮ್ಮ ಕಾರಲ್ಲಿ ಮ್ಯಾಟ್ ಮೇಲೆ ಮ್ಯಾಟ್ ಹಾಸಿದ್ದೀರಲ್ಲ, ಇವತ್ತೇ ತೆಗೆದು ಫೋಟೋ ಕಳಿಸಿ. ಕಾಯ್ತಿರ್ತೀನಿ.