ಮುಂದಿನ ಕಾದಂಬರಿಯ ಆಯ್ಕೆ

ಒಳ್ಳೆಯ ಕಾದಂಬರಿಯೊಂದನ್ನು ಓದಿ ಮುಗಿಸಿದವರು ಮುಂದೇನು ಓದಬೇಕೆಂದು ಹುಡುಕುವಾಗ ಸಾಮಾನ್ಯವಾಗಿ ಅದೇ ಲೇಖಕರ ಇನ್ನೊಂದು ಪುಸ್ತಕವನ್ನು ಎತ್ತಿಕೊಳ್ಳುತ್ತಾರೆ, ಇಲ್ಲವೇ ಪ್ರಶಸ್ತಿ ಪಡೆದ ಕೃತಿಗಳ ಪಟ್ಟಿಯನ್ನು ನೋಡುತ್ತಾರೆ. ಎರಡೂ ತಪ್ಪು ದಾರಿಗಳೇನಲ್ಲವಾದರೂ, ಇವೆರಡಕ್ಕಿಂತ ಹೆಚ್ಚು ಫಲ ಕೊಡುವ ದಾರಿಯೊಂದು ಕನ್ನಡ ಕಾದಂಬರಿಯ ಚರಿತ್ರೆಯೊಳಗೇ ಇದೆ. ಓದಿ ಮುಗಿಸಿದ ಕೃತಿ ಎತ್ತಿಕೊಂಡು ಅರ್ಧಕ್ಕೆ ಬಿಟ್ಟ ಪ್ರಶ್ನೆ ಯಾವುದು, ಅದು ಒಂದೆರಡು ಸಾಲಿನಲ್ಲಿ ತೋರಿಸಿ ದಾಟಿಹೋದ ಮನುಷ್ಯರು ಯಾರು ಎಂದು ಗುರುತಿಸಿಕೊಂಡರೆ, ಆ ಪ್ರಶ್ನೆಯನ್ನೇ ಬೇರೆ ದಿಕ್ಕಿನಿಂದ ಹಿಡಿದ, ಆ ಮನುಷ್ಯರನ್ನೇ ನಡುಮನೆಗೆ ಕರೆತಂದ ಇನ್ನೊಂದು ಕಾದಂಬರಿ ಕನ್ನಡದಲ್ಲಿ ಬಹುಮಟ್ಟಿಗೆ ಸಿಕ್ಕೇ ಸಿಗುತ್ತದೆ. ಹಾಗೆ ಸಿಗುವ ಕೃತಿ ಮೊದಲನೆಯದರ ಜತೆ ತಕರಾರು ತೆಗೆಯುವಂಥದಾದರೆ ಇನ್ನೂ ಒಳ್ಳೆಯದು.

ಪ್ರಶಸ್ತಿಯ ಪಟ್ಟಿಯನ್ನು ನಂಬಿದವರಿಗೆ ಏನಾಗುತ್ತದೆ ಎಂಬುದನ್ನು ಮೊದಲು ನೋಡಬಹುದು. ಕೇಂದ್ರ ಸಾಹಿತ್ಯ ಅಕಾಡೆಮಿ 1955ರಲ್ಲಿ ಕುವೆಂಪು ಅವರಿಗೆ ಪ್ರಶಸ್ತಿ ಕೊಟ್ಟದ್ದು 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯಕ್ಕೆ. ಶಿವರಾಮ ಕಾರಂತರಿಗೆ 1959ರಲ್ಲಿ ಅದು ಬಂದದ್ದು 'ಯಕ್ಷಗಾನ ಬಯಲಾಟ' ಎಂಬ ಸಂಶೋಧನ ಗ್ರಂಥಕ್ಕೆ. ಮಾಸ್ತಿಯವರಿಗೆ 1968ರಲ್ಲಿ, ಯಶವಂತ ಚಿತ್ತಾಲರಿಗೆ 1983ರಲ್ಲಿ, ಪಿ. ಲಂಕೇಶರಿಗೆ 1993ರಲ್ಲಿ ಬಂದದ್ದು ಸಣ್ಣ ಕಥೆಗಳಿಗೆ. ಈ ಪಟ್ಟಿಯೊಂದನ್ನೇ ಕೈಯಲ್ಲಿ ಹಿಡಿದು ಪುಸ್ತಕದ ಅಂಗಡಿಗೆ ಹೋದ ಓದುಗರು 'ಮಲೆಗಳಲ್ಲಿ ಮದುಮಗಳು', 'ಮರಳಿ ಮಣ್ಣಿಗೆ', 'ಚಿಕವೀರ ರಾಜೇಂದ್ರ', 'ಶಿಕಾರಿ', 'ಮುಸ್ಸಂಜೆಯ ಕಥಾಪ್ರಸಂಗ' ಇವುಗಳಲ್ಲಿ ಒಂದನ್ನೂ ಕೊಳ್ಳದೆ ಮನೆಗೆ ಮರಳುತ್ತಾರೆ. ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ' ಅವರಿಗೆ ಸಿಗುತ್ತದೆ, ಆದರೆ 'ಕರ್ವಾಲೋ' ಸಿಗುವುದಿಲ್ಲ. ತೀರ್ಪುಗಾರರನ್ನು ದೂರಲು ಈ ಮಾತು ಹೇಳುತ್ತಿಲ್ಲ. ಪ್ರಶಸ್ತಿಗಳು ಆಯಾ ಕಾಲದ ನಿಯಮಗಳಿಗೆ, ಅವಧಿಗೆ, ಸರದಿಗೆ ಒಳಪಟ್ಟವು, ಓದಿನ ಕ್ರಮವನ್ನು ಕಟ್ಟಿಕೊಡುವುದು ಅವುಗಳ ಕೆಲಸವೇ ಅಲ್ಲ.

ಆಯ್ಕೆಯ ಹೊರೆಯನ್ನು ಓದುಗರು ಪೂರ್ತಿಯಾಗಿ ಬೇರೆಯವರಿಗೆ ವಹಿಸಿಕೊಟ್ಟ ಕಾಲವೂ ಒಂದಿತ್ತು. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನಂಬಿ ನಡೆದ ಪ್ರಕಾಶನ. ಓದುಗರು ಚಂದಾ ಕಟ್ಟುತ್ತಿದ್ದರು, ಮಾಲೆಯವರು ಆರಿಸಿ ಅಚ್ಚು ಹಾಕಿದ ಪುಸ್ತಕಗಳು ಅವರಿಗೆ ತಲುಪುತ್ತಿದ್ದವು. ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರಂಥವರ ಸಲಹೆ ಅದರ ಬೆನ್ನಿಗಿತ್ತು. ಹೊಸ ಲೇಖಕನೊಬ್ಬನ ಪ್ರಾಯೋಗಿಕ ಕಾದಂಬರಿ, ಅಂಗಡಿಯಲ್ಲಾದರೆ ಯಾರೂ ಕೈಗೆತ್ತಿಕೊಳ್ಳದಂಥದು, ಈ ಏರ್ಪಾಟಿನಿಂದ ಹಳ್ಳಿಯ ಶಾಲಾ ಮಾಸ್ತರರ ಮನೆಯನ್ನೂ ಸೇರಬಹುದಾಗಿತ್ತು. ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲಿ ಹೊರಬಂದದ್ದು ಇದೇ ಮಾಲೆಯಲ್ಲಿ. ಈಗ ಅಂಥ ಏರ್ಪಾಟು ವಿರಳವಾಗಿ, ಆಯ್ಕೆ ಮತ್ತೆ ಓದುಗರ ತಲೆಗೇ ಬಂದಿರುವುದರಿಂದ, 'ಸಂಸ್ಕಾರ'ವನ್ನೇ ಆರಂಭಬಿಂದುವಾಗಿ ಇಟ್ಟುಕೊಂಡು ಮುಂದಿನ ದಾರಿ ಹೇಗೆ ತೆರೆಯುತ್ತದೆ ಎಂದು ನೋಡುವುದು ಉಚಿತ.

'ಸಂಸ್ಕಾರ'ದ ಕಥೆ ಬಲ್ಲವರು ಬಹಳ. ದೂರ್ವಾಸಪುರವೆಂಬ ಮಾಧ್ವ ಅಗ್ರಹಾರದಲ್ಲಿ, ಆಚಾರವನ್ನೆಲ್ಲ ಮುರಿದು ಚಂದ್ರಿಯೊಂದಿಗೆ ಬದುಕಿದ್ದ ನಾರಣಪ್ಪ ಪ್ಲೇಗಿನಿಂದ ಸಾಯುತ್ತಾನೆ. ಹೆಣಕ್ಕೆ ಬೆಂಕಿ ಕೊಡಬೇಕಾದವರು ಯಾರೆಂಬುದು ತೀರ್ಮಾನವಾಗುವವರೆಗೆ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಶಾಸ್ತ್ರ ಬಲ್ಲ ಪ್ರಾಣೇಶಾಚಾರ್ಯರು ಗ್ರಂಥಗಳಲ್ಲಿ ಉತ್ತರ ಹುಡುಕಿ ಸೋಲುತ್ತಾರೆ, ಮಾರುತಿಯ ಗುಡಿಯಲ್ಲಿ ಕಾದು ಸೋಲುತ್ತಾರೆ, ಕೊನೆಗೆ ಕಾಡಿನ ಕತ್ತಲಲ್ಲಿ ಚಂದ್ರಿಯ ಸಂಗದಲ್ಲಿ ತಮ್ಮ ಅದುವರೆಗಿನ ಬದುಕಿನ ಗುರುತನ್ನೇ ಕಳೆದುಕೊಳ್ಳುತ್ತಾರೆ. ನವ್ಯ, ಅಂದರೆ ಸಮುದಾಯದ ಕಥೆಗಿಂತ ಒಬ್ಬ ವ್ಯಕ್ತಿಯ ಒಳಗಿನ ಬಿಕ್ಕಟ್ಟನ್ನು ಮುಖ್ಯವೆಂದು ಬಗೆದ 1950ರ ನಂತರದ ಸಾಹಿತ್ಯ ಮಾರ್ಗ, ಕಾದಂಬರಿಯಲ್ಲಿ ತನ್ನ ಪೂರ್ಣ ಶಕ್ತಿಯನ್ನು ತೋರಿದ್ದು ಇಲ್ಲಿ. ಆಚಾರ್ಯರು ಗಾಡಿ ಹತ್ತಿ ಊರಿನ ಕಡೆ ಹೊರಟಲ್ಲಿಗೆ ಕಾದಂಬರಿ ನಿಂತುಬಿಡುವುದರಿಂದ, ಊರಿನಲ್ಲಿ ಅವರು ಏನು ಹೇಳಿದರು ಎಂಬ ಪ್ರಶ್ನೆ ಓದುಗರ ಬಳಿ ಉಳಿಯುತ್ತದೆ.

ಅದೇ 1965ರಲ್ಲಿ ಪ್ರಕಟವಾದ ಎಸ್.ಎಲ್. ಭೈರಪ್ಪನವರ 'ವಂಶವೃಕ್ಷ'ವನ್ನು ಇದರ ಬೆನ್ನಿಗೇ ಓದಿದವರಿಗೆ ಮೈ ಜುಮ್ಮೆನ್ನುವಂಥ ಸಾಮ್ಯಗಳು ಕಾಣುತ್ತವೆ. ಅಲ್ಲೂ ಶಾಸ್ತ್ರ ಬಲ್ಲ, ಊರೇ ಗೌರವಿಸುವ ಬ್ರಾಹ್ಮಣನೊಬ್ಬನಿದ್ದಾನೆ, ನಂಜನಗೂಡಿನ ಶ್ರೀನಿವಾಸ ಶ್ರೋತ್ರಿ. ಪ್ರಾಣೇಶಾಚಾರ್ಯರ ಹೆಂಡತಿ ರೋಗಿಷ್ಠೆ ಭಾಗೀರಥಿ. ಶ್ರೋತ್ರಿಯ ಹೆಂಡತಿ ಭಾಗೀರಥಮ್ಮನಿಗೆ ಮತ್ತೆ ಬಸಿರಾದರೆ ಜೀವಕ್ಕೆ ಅಪಾಯ. ಹೆಂಡತಿಯೇ ಮುಂದಾಗಿ ಮನೆಯ ಆಳು ಲಕ್ಷ್ಮಿಯನ್ನು ಗಂಡನಿಗೆ ಒಪ್ಪಿಸಲು ನೋಡಿದಾಗ ಶ್ರೋತ್ರಿಯ ಮನಸ್ಸು ಹೊಯ್ದಾಡಿ, ಕಡೆಯ ಗಳಿಗೆಯಲ್ಲಿ ಆತ ಹಿಂದೆ ಸರಿಯುತ್ತಾನೆ. ಒಬ್ಬ ವಿದ್ವಾಂಸ ಕಾಡಿನಲ್ಲಿ ಸೋಲುತ್ತಾನೆ, ಇನ್ನೊಬ್ಬ ಮನೆಯೊಳಗೇ ಗೆಲ್ಲುತ್ತಾನೆ. ಸೋತವನಿಗೆ ಆ ಸೋಲಿನಿಂದಲೇ ಹೊಸ ಅರಿವಿನ ಬಾಗಿಲು ತೆರೆಯುತ್ತದೆ, ಗೆದ್ದವನಿಗೆ ವರ್ಷಗಳ ಮೇಲೆ ಹಳೆಯ ಕಾಗದಗಳಲ್ಲಿ ತಾನು ಆ ವಂಶದ ರಕ್ತಕ್ಕೆ ಹುಟ್ಟಿದವನೇ ಅಲ್ಲವೆಂಬ ಸತ್ಯ ಸಿಗುತ್ತದೆ. ಇಬ್ಬರೂ ಮನೆ ಬಿಟ್ಟು ಹೊರಡುತ್ತಾರೆ. ಇಬ್ಬರು ಲೇಖಕರು ಒಬ್ಬರನ್ನೊಬ್ಬರು ನೋಡಿ ಬರೆದರೆಂದು ಇದರ ಅರ್ಥವಲ್ಲ. ಒಂದೇ ಕಾಲದ ಕಳವಳ ಎರಡು ಬೇರೆ ಮನೋಧರ್ಮಗಳಲ್ಲಿ ಹರಿದಾಗ ಹೀಗಾಗುತ್ತದೆ. ಮುಂದೆ ಈ ಇಬ್ಬರ ಹೆಸರಿನಲ್ಲಿ ಕನ್ನಡದ ಓದುಗರು ಎರಡು ಪಾಳೆಯವಾಗಿ, ಒಬ್ಬರನ್ನು ಓದಿದವರು ಇನ್ನೊಬ್ಬರನ್ನು ಮುಟ್ಟದಿರುವುದೇ ನಿಷ್ಠೆಯೆಂದು ತಿಳಿದದ್ದರಿಂದ, ಈ ಜೋಡಿ ಓದಿನ ಸುಖ ಅನೇಕರಿಗೆ ತಪ್ಪಿಹೋಗಿದೆ. ಒಂದನ್ನು ಓದಿದ ವಾರದೊಳಗೆ ಇನ್ನೊಂದನ್ನು ಓದುವುದು ಆ ಪಾಳೆಯಗಳ ವಾದಗಳನ್ನೆಲ್ಲ ಕೇಳುವುದಕ್ಕಿಂತ ಹೆಚ್ಚು ತಿಳಿವಳಿಕೆ ಕೊಡುತ್ತದೆ.

'ವಂಶವೃಕ್ಷ' ತಾನೂ ಒಂದು ಬಾಕಿಯನ್ನು ಉಳಿಸುತ್ತದೆ. ಶ್ರೋತ್ರಿಯ ಮಗ ನಂಜುಂಡ ಕಪಿಲೆಯ ಪ್ರವಾಹದಲ್ಲಿ ಸತ್ತ ಮೇಲೆ ಸೊಸೆ ಕಾತ್ಯಾಯಿನಿ ಕಾಲೇಜು ಸೇರುತ್ತಾಳೆ, ರಾಜ ಎಂಬವನನ್ನು ಮರುಮದುವೆಯಾಗುತ್ತಾಳೆ, ಮಗನನ್ನು ಮಾವನ ಮನೆಯಲ್ಲೇ ಬಿಡಬೇಕಾಗುತ್ತದೆ, ಹೊಸ ಬದುಕಿನಲ್ಲಿ ಕಟ್ಟಿದ ಬಸಿರು ನಿಲ್ಲದೆ ಕೊರಗಿ ಸಾಯುತ್ತಾಳೆ. ಕಾದಂಬರಿ ಅವಳಿಗೆ ಸಹಾನುಭೂತಿ ತೋರಿಸುತ್ತದೆ, ಆದರೆ ಬದುಕಲು ಬಿಡುವುದಿಲ್ಲ. ವಿಧವೆಯ ಬದುಕನ್ನು ಧರ್ಮಸಂಕಟದ ಉದಾಹರಣೆಯಾಗಿ ನೋಡದೆ, ಅವಳು ದಿನ ಕಳೆದ ಅಡುಗೆಮನೆ, ಬಚ್ಚಲು, ಬಾಣಂತಿಕೋಣೆಗಳ ಒಳಗಿನಿಂದ ನೋಡಿದವರು ಯಾರು ಎಂದು ಕೇಳಿದರೆ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' (1976) ಎದುರಾಗುತ್ತದೆ. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು, ಮೈನೆರೆದ ಮೇಲೆ ತಲೆ ಬೋಳಿಸಿಕೊಂಡು, ನೂರು ವರ್ಷ ಮೀರಿ ಬದುಕಿದ ಹೆಂಗಸಿನ ಕಥೆ ಅದು. ಲೇಖಕಿಯ ಮನೆತನದಲ್ಲೇ ಬಾಳಿದ್ದ ಹಿರಿಯ ಜೀವವೊಂದು ಅದರ ಮೂಲ. ಮಡಿ, ಅಂದರೆ ಮುಟ್ಟಿದರೆ ಕೆಡುವ ಶುದ್ಧಿಯ ನಿಯಮ, ಈ ಕೃತಿಯಲ್ಲಿ ಚರ್ಚೆಯ ವಿಷಯವಾಗುವುದಿಲ್ಲ. ಒದ್ದೆ ಸೀರೆಯಾಗಿ, ಒಪ್ಪೊತ್ತಿನ ಊಟವಾಗಿ, ಊರಿನವರೆಲ್ಲರ ಹಪ್ಪಳ ಸಂಡಿಗೆಯ ದುಡಿಮೆಯಾಗಿ ಬರುತ್ತದೆ. ಎಲ್ಲ ನಿಯಮಗಳನ್ನೂ ಪಾಲಿಸಿದ ಆ ಮಡಿಯ ಹೆಂಗಸೇ ಹೆರಿಗೆಯ ಸಂಕಟದಲ್ಲಿದ್ದ ಕೆಳಜಾತಿಯ ಹೆಣ್ಣಿನ ನೆರವಿಗೆ ಹೋಗುತ್ತಾಳೆ. ತಲೆ ಬೋಳಿಸಿಕೊಳ್ಳಲು ಒಪ್ಪದ ಎಳೆಯ ವಿಧವೆ ದಾಕ್ಷಾಯಿಣಿಯ ಪರ ನಿಲ್ಲುತ್ತಾಳೆ. ಪ್ರಾಣೇಶಾಚಾರ್ಯರು ನೂರೈವತ್ತು ಪುಟಗಳ ಯಾತನೆಯಲ್ಲಿ ತಲುಪಲು ಹೆಣಗುವ ಸ್ಥಿತಿಯನ್ನು ಈಕೆ ಒಂದು ವಾಕ್ಯವನ್ನೂ ಉದ್ಧರಿಸದೆ ತಲುಪಿಬಿಟ್ಟಿದ್ದಾಳೆ ಎಂದು ಓದುಗರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಗದ್ಯದ ಕುಸುರಿಯಲ್ಲಿ 'ಫಣಿಯಮ್ಮ' 'ಸಂಸ್ಕಾರ'ಕ್ಕೆ ಸಮವಲ್ಲ, ಅಲ್ಲಲ್ಲಿ ಕಥೆಗಿಂತ ನೆನಪಿನ ಹರಟೆಯೇ ಹೆಚ್ಚು. ಆದರೂ ಇವೆರಡನ್ನು ಒಟ್ಟಿಗೆ ಓದದವರಿಗೆ ಅಗ್ರಹಾರದ ಅರ್ಧ ಮಾತ್ರ ಗೊತ್ತು.

'ಸಂಸ್ಕಾರ'ದಲ್ಲೇ ಇನ್ನೊಂದು ಎಳೆ ಇದೆ, ಮೊದಲ ಓದಿಗೆ ಅದು ಕಣ್ತಪ್ಪುವುದು ಸುಲಭ. ಅಗ್ರಹಾರದ ಬ್ರಾಹ್ಮಣರು ಒಂದು ಹೆಣವನ್ನು ಸುಡುವ ಅಧಿಕಾರಕ್ಕಾಗಿ ಹಸಿದು ತರ್ಕಿಸುತ್ತಿರುವಾಗ, ಹೊಲಗೇರಿಯಲ್ಲಿ ಬೆಳ್ಳಿ ಎಂಬವಳ ತಂದೆತಾಯಿ ಅದೇ ರೋಗದಿಂದ ಸಾಯುತ್ತಾರೆ, ಹೆಣಗಳ ಸಮೇತ ಗುಡಿಸಲಿಗೆ ಬೆಂಕಿ ಇಡಲಾಗುತ್ತದೆ. ಕಾದಂಬರಿ ಆ ಬೆಂಕಿಯನ್ನು ತೋರಿಸಿ ಮತ್ತೆ ಆಚಾರ್ಯರ ಕಡೆ ತಿರುಗುತ್ತದೆ. ಇದನ್ನು ಕೊರತೆಯೆಂದು ಹಲವರು ಹೇಳಿದ್ದಾರೆ. ಅಗ್ರಹಾರದ ಕುರುಡನ್ನು ತೋರಿಸುವ ಕೃತಿಯ ತಂತ್ರವೇ ಅದೆಂದು ವಾದಿಸಲೂ ಸಾಧ್ಯ. ಅನಂತಮೂರ್ತಿಯವರಿಗೇ ಆ ಎಳೆ ಬಿಡಲಾಗದ್ದಾಗಿತ್ತು ಎಂಬುದಕ್ಕೆ 'ಭಾರತೀಪುರ' (1973) ಸಾಕ್ಷಿ. ಇಂಗ್ಲೆಂಡಿನಿಂದ ಮರಳಿದ ಜಗನ್ನಾಥ ತನ್ನ ಮನೆಯ ಸಾಲಿಗ್ರಾಮವನ್ನು ಹೊಲೆಯರಿಂದ ಮುಟ್ಟಿಸಲು ಹೋಗಿ, ಬಿಡುಗಡೆಯ ಹೆಸರಿನಲ್ಲಿ ತಾನೂ ಅವರನ್ನು ಬಲವಂತಕ್ಕೆ ಗುರಿಪಡಿಸುತ್ತಿರುವುದನ್ನು ಕಂಡು ಕುಸಿಯುವ ದೃಶ್ಯ ಆ ಕಾದಂಬರಿಯ ಎದೆ. ಅಲ್ಲೂ ಕಣ್ಣು ಮೇಲಿನ ಮನೆಯದೇ. ಕೇರಿಯೇ ಮಾತಾಡುವುದನ್ನು ಕೇಳಬೇಕಾದರೆ ದೇವನೂರ ಮಹಾದೇವರ 'ಕುಸುಮಬಾಲೆ'ಗೆ ಹೋಗಬೇಕು. 1990ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಇದಕ್ಕೆ ಬಂದಿತೆಂಬುದನ್ನು ಹೇಳಿ ಪಟ್ಟಿಯ ಮೇಲಿನ ಆಕ್ಷೇಪವನ್ನು ಸ್ವಲ್ಪ ಸಡಿಲಿಸಬಹುದು.

'ಕುಸುಮಬಾಲೆ' ಚಿಕ್ಕ ಪುಸ್ತಕ, ಆದರೆ ಕೈಗೆತ್ತಿಕೊಂಡು ಹತ್ತು ಪುಟಕ್ಕೇ ಬಿಟ್ಟವರ ಸಂಖ್ಯೆ ದೊಡ್ಡದು. ನಂಜನಗೂಡು, ಚಾಮರಾಜನಗರಗಳ ಸುತ್ತಿನ ಆಡುಮಾತಿನಲ್ಲಿ, ಸಂಭಾಷಣೆಯಷ್ಟೇ ಅಲ್ಲದೆ ನಿರೂಪಣೆಯೂ ನಡೆಯುವುದರಿಂದ ಧಾರವಾಡದ ಓದುಗರಿಗೂ ಮಂಗಳೂರಿನವರಿಗೂ ಅದು ಮೊದಲಿಗೆ ಪರಭಾಷೆಯಂತೆ ಕಾಣುತ್ತದೆ. ಇರುಳಲ್ಲಿ ಊರಿನ ದೀಪಗಳ ಜೋತಮ್ಮಗಳು ಒಂದೆಡೆ ಸೇರಿ ತಂತಮ್ಮ ಮನೆಯ ಸುದ್ದಿ ಹೇಳಿಕೊಳ್ಳುತ್ತವೆ. ಮೇಲುಜಾತಿಯ ಕುಸುಮಳನ್ನು ಪ್ರೀತಿಸಿದ ಚೆನ್ನನ ಕೊಲೆಯ ಕಥೆ ಇಂಥ ಮಾತುಗಳ ನಡುವಿನಿಂದ ತುಣುಕು ತುಣುಕಾಗಿ ಮೇಲೆದ್ದು ಬರುತ್ತದೆ. ಇದನ್ನು ಕಣ್ಣಿನಿಂದ ಓದುವುದಕ್ಕಿಂತ ಬಾಯಿಬಿಟ್ಟು ಓದುವುದು ಲೇಸು. ಅಕ್ಷರದಲ್ಲಿ ಗಂಟಾಗಿ ಕಂಡ ಶಬ್ದ ನಾಲಿಗೆಯ ಮೇಲೆ ತಾನಾಗಿ ಬಿಚ್ಚಿಕೊಳ್ಳುತ್ತದೆ, ಕಥೆ ಹೇಳುವ ಅಜ್ಜಿಯರ ಉಸಿರಿನ ಲಯ ಸಿಕ್ಕಿದ ಮೇಲೆ ಅರ್ಥಕ್ಕಾಗಿ ತಡಕಾಡುವುದು ನಿಲ್ಲುತ್ತದೆ.

ಹೊರನಾಡುಗಳಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳಂತೆ ಅನುವಾದವನ್ನೇ ನೆಚ್ಚಿದವರಿಗೆ ಈ ಸರಣಿ ಬಹುಕಾಲ ತೆರೆದಿರಲಿಲ್ಲ. ಎ.ಕೆ. ರಾಮಾನುಜನ್ ಅವರ ಇಂಗ್ಲಿಷ್ 'ಸಂಸ್ಕಾರ' 1976ರಲ್ಲೇ ಬಂದು ವಿಶ್ವವಿದ್ಯಾಲಯಗಳ ಪಠ್ಯವಾಯಿತು; ತೇಜಸ್ವಿನಿ ನಿರಂಜನ ಅವರ 'ಫಣಿಯಮ್ಮ' 1989ರಲ್ಲಿ ಬಂದಿತು; ಸೂಸನ್ ಡೇನಿಯಲ್ ಅವರ 'ಕುಸುಮಬಾಲೆ'ಗಾಗಿ 2015ರ ತನಕ ಕಾಯಬೇಕಾಯಿತು. ಹೀಗಾಗಿ ಹೊರಗಿನವರ ಕಣ್ಣಿನಲ್ಲಿ ಕನ್ನಡ ಕಾದಂಬರಿಯೆಂದರೆ ಬಹಳ ವರ್ಷ ಪ್ರಾಣೇಶಾಚಾರ್ಯರ ಬಿಕ್ಕಟ್ಟು ಎಂದೇ ಆಗಿತ್ತು, ಆ ಬಿಕ್ಕಟ್ಟಿಗೆ ಕನ್ನಡದಲ್ಲೇ ಬಂದ ಎದುರುಮಾತುಗಳು ಅವರಿಗೆ ಕೇಳಿಸಿರಲಿಲ್ಲ.

ಈ ಬಗೆಯ ಆಯ್ಕೆಗೆ ಒಂದು ಆಕ್ಷೇಪ ಸಹಜ. ಒಂದು ಕೃತಿಯ ಬಾಕಿಯನ್ನು ಇನ್ನೊಂದರಲ್ಲಿ ತೀರಿಸುತ್ತ ಹೋದರೆ ಓದು ವಾದವಾಗಿ ಒಣಗುವುದಿಲ್ಲವೇ, ಕಾದಂಬರಿಗಳೆಲ್ಲ ಒಂದು ಪ್ರಶ್ನೆಯ ಉತ್ತರಪತ್ರಿಕೆಗಳಾಗುವುದಿಲ್ಲವೇ ಎಂಬ ಶಂಕೆ ನಿಜವಾದದ್ದೇ. ಅದಕ್ಕೆ ಮದ್ದು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು'. 1967ರಲ್ಲಿ, 'ಸಂಸ್ಕಾರ'ದ ಎರಡು ವರ್ಷದ ಮೇಲೆ ಬಂದ ಈ ಕಾದಂಬರಿಯ ನೆಲವೂ ತೀರ್ಥಹಳ್ಳಿಯ ಆಸುಪಾಸಿನದೇ. ಕುವೆಂಪು, ಇಂದಿರಾ, ಅನಂತಮೂರ್ತಿ ಮೂವರೂ ಆ ಒಂದೇ ತಾಲ್ಲೂಕಿನ ಮಳೆಯಲ್ಲಿ ಬೆಳೆದವರು. ಆದರೆ ದೂರ್ವಾಸಪುರದಲ್ಲಿ ಒಬ್ಬನ ಮನಸ್ಸಿನ ಸುತ್ತ ಬಿಗಿದು ಕಟ್ಟಿದ ಜಗತ್ತು ಇಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡಿನ ತುಂಬ ಹರಡಿಕೊಂಡಿದೆ, ಇಂಥವನೇ ನಾಯಕನೆಂದು ಹೇಳುವಂತಿಲ್ಲ. ಹೊಲೆಯರ ಗುತ್ತಿ ತನ್ನ ತಿಮ್ಮಿಯನ್ನು ಹಾರಿಸಿಕೊಂಡು ಹೋಗುವ ಪ್ರಸಂಗಕ್ಕೆ ಹೆಗ್ಗಡೆಗಳ ಮನೆಯ ವ್ಯವಹಾರದಷ್ಟೇ ತೂಕವಿದೆ. ಹುಲಿಯ ಎಂಬ ಅವನ ನಾಯಿ ತುಂಗೆಯ ನೆರೆಯಲ್ಲಿ ಕೊಚ್ಚಿಹೋಗುವಾಗ ಲೇಖಕರು ಒಬ್ಬ ಮನುಷ್ಯನ ಸಾವಿಗೆ ಕೊಡುವಷ್ಟೇ ಪುಟಗಳನ್ನು, ಗಮನವನ್ನು ಕೊಡುತ್ತಾರೆ. 'ಸಂಸ್ಕಾರ'ದ ನಂತರ ಇದನ್ನು ಓದಿದವರಿಗೆ ಪ್ರಾಣೇಶಾಚಾರ್ಯರು ಎಷ್ಟು ಒಂಟಿಯೆಂಬುದೂ, ಆ ಒಂಟಿತನವನ್ನು ನವ್ಯವು ಎಷ್ಟು ಬೇಕೆಂದೇ ಆರಿಸಿಕೊಂಡಿತ್ತೆಂಬುದೂ ಗೊತ್ತಾಗುತ್ತದೆ.

ಮೊದಲ ನೂರು ಪುಟಗಳಲ್ಲಿ ಮನೆಗಳ ಹೆಸರು, ಆಳುಗಳ ಹೆಸರು, ಒಬ್ಬರಿಗೊಬ್ಬರ ನಂಟು ಇವುಗಳಲ್ಲಿ ದಾರಿ ತಪ್ಪಿ ಈ ಕಾದಂಬರಿಯನ್ನು ಕೆಳಗಿಟ್ಟವರು ಹಲವರಿದ್ದಾರೆ. ಒಂದು ಹಾಳೆಯಲ್ಲಿ ಊರು, ಮನೆ, ಮನೆಗೆ ಸೇರಿದವರು ಎಂದು ಬರೆದು ಪುಸ್ತಕದೊಳಗೇ ಇಟ್ಟುಕೊಂಡರೆ ಈ ತೊಡಕು ನೀಗುತ್ತದೆ. ಮೈಸೂರಿನ ರಂಗಾಯಣ 2010ರಲ್ಲಿ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಇದನ್ನು ಇಡೀ ರಾತ್ರಿಯ ನಾಟಕವಾಗಿ ಆಡಿದ ಮೇಲೆ, ರಂಗದ ಮೇಲೆ ಕಂಡ ಮುಖಗಳ ಆಸರೆಯಿಂದ ಪುಸ್ತಕಕ್ಕೆ ಮರಳುವುದೂ ಸಾಧ್ಯವಾಯಿತು. ಇಷ್ಟು ದೊಡ್ಡ ಕೃತಿಯನ್ನು ವಾರಕ್ಕೊಂದು ಪುಸ್ತಕದ ಲೆಕ್ಕದಲ್ಲಿ ಹಿಡಿಯದೆ ಒಂದು ಮಳೆಗಾಲಕ್ಕೆಂದು ಬದಿಗಿಟ್ಟುಕೊಂಡು, ನಡುನಡುವೆ ತೇಜಸ್ವಿಯವರ 'ಕರ್ವಾಲೋ'ದಂಥ ಲಘುನಡಿಗೆಯ ಕಾದಂಬರಿಯನ್ನು ಓದಿಕೊಳ್ಳುವುದರಿಂದ ನಷ್ಟವೇನಿಲ್ಲ. ಹಾರುವ ಓತಿಯೊಂದರ ಬೆನ್ನು ಹತ್ತಿ ಹೊರಟ ಅದರ ಪಾತ್ರಗಳು ನಡೆಯುವುದೂ ಮಲೆನಾಡಿನ ಕಾಡಿನಲ್ಲೇ.