ಏನನ್ನೂ ಸಾಬೀತುಪಡಿಸಬೇಕಿಲ್ಲದ ಒಬ್ಬ ಮುಸ್ಲಿಮ್

ಸಿನೆಮಾದಲ್ಲಿ ಮುಸ್ಲಿಮ್ ಪಾತ್ರವೊಂದು ಬಂತೆಂದರೆ ನಮ್ಮಲ್ಲಿ ಎರಡೇ ಪ್ರಶ್ನೆಗಳು ಏಳುತ್ತವೆ. ಬೈದಿದ್ದಾರೆಯೇ? ಹೊಗಳಿದ್ದಾರೆಯೇ? ಬೈದಿದ್ದರೆ ಪ್ರತಿಭಟನೆ, ಹೊಗಳಿದ್ದರೆ ಸಮಾಧಾನ. ಇನ್ನೊಂದು ಬದಿಯಲ್ಲಿ, ‘ಅದು ಬರೀ ಮನರಂಜನೆ, ನೀವೇಕೆ ಇಷ್ಟು ತಲೆಕೆಡಿಸಿಕೊಳ್ಳುತ್ತೀರಿ?’ ಎಂದು ಕೇಳುವ ಮುಸ್ಲಿಮೇತರ ಗೆಳೆಯರಿದ್ದಾರೆ. ಈ ಎರಡೂ ಧೋರಣೆಗಳು ತಪ್ಪು. ಅದನ್ನು ಹೇಳಲು ನಾನು ಆರಿಸಿಕೊಂಡಿರುವುದು ಪ್ರಶಸ್ತಿ ಗೆದ್ದ ಕಲಾತ್ಮಕ ಚಿತ್ರವನ್ನಲ್ಲ. ಗಲ್ಲಾ ಪೆಟ್ಟಿಗೆಯಲ್ಲಿ ನೆಲಕಚ್ಚಿದ, ಖಡ್ಗ, ಕುದುರೆ, ರಕ್ತಪಾತಗಳ ಒಂದು ಹಾಲಿವುಡ್ ಸಾಹಸ ಚಿತ್ರವನ್ನು. ಅದು 1999ರಲ್ಲಿ ತೆರೆಕಂಡ ‘ದಿ ಥರ್ಟೀನ್ತ್ ವಾರಿಯರ್’.

ಈ ಚಿತ್ರದಿಂದ ಏನನ್ನಾದರೂ ನಿರೀಕ್ಷಿಸಲು ಕಾರಣವೇ ಇರಲಿಲ್ಲ. ‘ಡೈ ಹಾರ್ಡ್’ ಖ್ಯಾತಿಯ ಜಾನ್ ಮೆಕ್‌ಟಿಯರ್ನನ್ 1997ರಲ್ಲಿ ಚಿತ್ರೀಕರಿಸಿದ ಇದನ್ನು ಎರಡು ವರ್ಷ ಮೂಲೆಗೆ ತಳ್ಳಲಾಗಿತ್ತು. ಕೆಲವು ಭಾಗಗಳನ್ನು ಮೂಲ ಕಾದಂಬರಿಕಾರ ಮೈಕೆಲ್ ಕ್ರೈಟನ್ ಅವರೇ ಮತ್ತೆ ಚಿತ್ರೀಕರಿಸಿದರು. ಸಂಗೀತವನ್ನೂ ಬದಲಿಸಲಾಯಿತು. ಬಗ್ದಾದಿನ ಅರಬನ ಪಾತ್ರಕ್ಕೆ ಸ್ಪೇನಿನ ನಟ ಆಂಟೋನಿಯೋ ಬಾಂಡೆರಾಸ್. ಅದಕ್ಕಿಂತ ಮುಖ್ಯವಾಗಿ, ಅದು ‘ಟ್ರೂ ಲೈಸ್’ (1994), ‘ದಿ ಸೀಜ್’ (1998) ಚಿತ್ರಗಳ ದಶಕ. ಅರಬನೆಂದರೆ ಬಾಂಬು ಹಿಡಿದವನು ಎಂಬುದು ಹಾಲಿವುಡ್‌ನ ಪಾಲಿಗೆ ಪ್ರಶ್ನಾತೀತ ಸತ್ಯವಾಗಿದ್ದ ಕಾಲ. ಜ್ಯಾಕ್ ಶಹೀನ್ 900ಕ್ಕೂ ಹೆಚ್ಚು ಚಿತ್ರಗಳನ್ನು ಪರಿಶೀಲಿಸಿ 2001ರಲ್ಲಿ ‘ರೀಲ್ ಬ್ಯಾಡ್ ಅರಬ್ಸ್’ ಎಂಬ ಗ್ರಂಥವನ್ನು ಬರೆದದ್ದು ಸುಮ್ಮನೆ ಅಲ್ಲ. ಅವುಗಳಲ್ಲಿ ಬಹುಪಾಲು ಅರಬರನ್ನು ಖಳರನ್ನಾಗಿ, ಮೂರ್ಖರನ್ನಾಗಿ ಇಲ್ಲವೇ ಕಾಮುಕರನ್ನಾಗಿಯೇ ತೋರಿಸಿದ್ದವು.

ಆದರೆ ಇಲ್ಲಿ ಏನಾಗುತ್ತದೆ ನೋಡಿ. ಖಲೀಫರ ಆಸ್ಥಾನದ ಕವಿ ಅಹ್ಮದ್ ಇಬ್ನ್ ಫದ್ಲಾನ್ ರಾಯಭಾರಿಯಾಗಿ ದೂರದ ಉತ್ತರಕ್ಕೆ ಹೋಗುತ್ತಾನೆ. ಅಲ್ಲಿ ವೈಕಿಂಗ್ ಯೋಧರ ಗುಂಪೊಂದು ಎದುರಾಗುತ್ತದೆ. ಭಯಾನಕ ಶತ್ರುವಿನಿಂದ ಒಂದು ಊರನ್ನು ರಕ್ಷಿಸಲು ಹದಿಮೂರು ಮಂದಿ ಹೊರಡಬೇಕು, ಹದಿಮೂರನೆಯವನು ಹೊರಗಿನವನಾಗಿರಬೇಕು ಎಂದು ಕಣಿ ಹೇಳುವ ಮುದುಕಿ ನುಡಿಯುತ್ತಾಳೆ. ಖಡ್ಗ ಹಿಡಿದು ಅಭ್ಯಾಸವಿಲ್ಲದ ಕವಿಯೇ ಆ ಹದಿಮೂರನೆಯವನು!

ಮೊದಲಿಗೆ ಅವನಿಗೆ ಆ ಯೋಧರ ಭಾಷೆ ಬಾರದು. ರಾತ್ರಿಯ ಬೆಂಕಿಯ ಸುತ್ತ ಅವರು ಹರಟುತ್ತಾರೆ, ನಗುತ್ತಾರೆ, ಅವನು ಸುಮ್ಮನೆ ಕೇಳುತ್ತಾ ಕೂರುತ್ತಾನೆ. ಒಂದೊಂದೇ ಪದ ಅರ್ಥವಾಗತೊಡಗುತ್ತದೆ. ಒಂದು ರಾತ್ರಿ ಅವರಲ್ಲೊಬ್ಬ ಅವನ ತಾಯಿಯನ್ನು ಹೀಯಾಳಿಸಿದಾಗ ಅವರದೇ ಭಾಷೆಯಲ್ಲಿ ತಿರುಗೇಟು ಕೊಡುತ್ತಾನೆ. ಎಲ್ಲರೂ ದಂಗಾಗುತ್ತಾರೆ. ಎಲ್ಲಿ ಕಲಿತೆ ಎಂದು ಕೇಳಿದರೆ ಅವನ ಉತ್ತರ ಇಷ್ಟೆ: ಕಿವಿಗೊಟ್ಟು ಕೇಳಿದೆ. ಸಾಹಸ ಚಿತ್ರದ ನಾಯಕನೊಬ್ಬನ ಮೊದಲ ಗೆಲುವು ಕಿವಿಯಿಂದ ಬರುತ್ತದೆ ಎಂಬುದೇ ಒಂದು ಅಚ್ಚರಿ.

ಇನ್ನೊಂದು ಸನ್ನಿವೇಶ. ಯೋಧರ ನಾಯಕನಿಗೆ ಬರಹ ತಿಳಿಯದು. ಶಬ್ದಗಳನ್ನು ಚಿತ್ರಿಸಲು ಬರುತ್ತದೆಯೇ ಎಂದು ಅಹ್ಮದನನ್ನು ವಿಚಾರಿಸುತ್ತಾನೆ. ಅಹ್ಮದ್ ನೆಲದ ಮೇಲೆ ಬರೆದು ತೋರಿಸುವುದು ಕಲಿಮವನ್ನು. ಅಲ್ಲಾಹನ ಏಕತ್ವ ಮತ್ತು ಮುಹಮ್ಮದ್(ಸ)ರ ಪ್ರವಾದಿತ್ವದ ಸಾಕ್ಷ್ಯವನ್ನು. ಆ ದೃಶ್ಯಕ್ಕೆ ಬೆದರಿಕೆಯ ಹಿನ್ನೆಲೆ ಸಂಗೀತವಿಲ್ಲ. ಯಾರೂ ಸ್ಫೋಟಗೊಳ್ಳುವುದಿಲ್ಲ. ಆ ನಾಯಕ ಧರ್ಮ ಬದಲಿಸುವುದೂ ಇಲ್ಲ. ಆಮೇಲೆ ಅವನು ನೆನಪಿನಿಂದಲೇ ಆ ಅಕ್ಷರಗಳನ್ನು ಗೀಚಿ ತೋರಿಸುತ್ತಾನೆ. ಕೊನೆಯಲ್ಲಿ ಸಾಯುವ ಮುನ್ನ ಅವನ ಆಸೆ, ತನ್ನ ಕತೆಯನ್ನು ಯಾರಾದರೂ ಬರೆದಿಡಲಿ ಎಂಬುದು. ಅಹ್ಮದ್ ಅದನ್ನು ನೆರವೇರಿಸುತ್ತಾನೆ.

ಈಗ ಅದೇ 1999ರಲ್ಲಿ ಬಂದ ನಮ್ಮ ಹಿಂದಿ ಚಿತ್ರ ‘ಸರ್ಫರೋಶ್’ನ್ನು ಪಕ್ಕದಲ್ಲಿಟ್ಟು ನೋಡಿ. ಅದರ ಇನ್ಸ್‌ಪೆಕ್ಟರ್ ಸಲೀಮ್ ಪ್ರಾಮಾಣಿಕ, ಧೈರ್ಯಶಾಲಿ. ಆದರೆ ಮೇಲಧಿಕಾರಿಗಳ ಸಂಶಯವನ್ನು ನುಂಗಿ, ನೊಂದು, ದೇಶಕ್ಕೆ ತಾನೂ ಬೇಕು ಎಂದು ಅವನು ಸಾಬೀತುಪಡಿಸಬೇಕು. ‘ಚಕ್ ದೇ ಇಂಡಿಯಾ’ದ (2007) ಕಬೀರ್ ಖಾನ್ ಒಂದು ಪೆನಾಲ್ಟಿ ತಪ್ಪಿದ್ದಕ್ಕೆ ದ್ರೋಹಿಯೆನಿಸಿ, ಏಳು ವರ್ಷಗಳ ನಂತರ ವಿಶ್ವಕಪ್ಪನ್ನೇ ತಂದು ಕಳಂಕ ತೊಳೆದುಕೊಳ್ಳಬೇಕು. ಇವು ಸದುದ್ದೇಶದ ಚಿತ್ರಗಳು, ಸಂಶಯಪಡುವವರನ್ನೇ ಪ್ರಶ್ನಿಸುವ ಚಿತ್ರಗಳು ಎಂಬುದನ್ನು ಒಪ್ಪುತ್ತೇನೆ. ನಾವು ಚಪ್ಪಾಳೆ ತಟ್ಟಿದ್ದೂ ನಿಜ. ಆದರೆ ಆ ಚಪ್ಪಾಳೆಯಲ್ಲಿ ನಾವು ಒಂದು ಷರತ್ತನ್ನು ಒಪ್ಪಿಕೊಂಡೆವು. ಒಳ್ಳೆಯ ಮುಸ್ಲಿಮ್ ಎಂದರೆ ಪರೀಕ್ಷೆಯಲ್ಲಿ ಪಾಸಾದ ಮುಸ್ಲಿಮ್ ಎಂಬ ಷರತ್ತನ್ನು. ಅಹ್ಮದನಿಗೆ ಆ ಪರೀಕ್ಷೆಯೇ ಇಲ್ಲ. ಅವನ ಕುದುರೆ ಚಿಕ್ಕದೆಂದು, ಅವನಿಗೆ ಭಾರದ ಖಡ್ಗ ಎತ್ತಲಾಗದೆಂದು ಯೋಧರು ನಗುತ್ತಾರೆ. ಆದರೆ ಅವನ ವಿಶ್ವಾಸದ ಬಗ್ಗೆ ಯಾರೂ ವಿವರಣೆ ಕೇಳುವುದಿಲ್ಲ. ವಿದಾಯದ ಹೊತ್ತಿಗೆ ಗೆಳೆಯನೊಬ್ಬ ತನ್ನ ಹಲವು ದೇವರುಗಳಲ್ಲಿ ಅಹ್ಮದನಿಗಾಗಿ ಪ್ರಾರ್ಥಿಸುತ್ತೇನೆ, ಬೇಸರಿಸಬೇಡ ಎನ್ನುತ್ತಾನೆ. ಅಹ್ಮದ್ ಕೃತಜ್ಞತೆಯಿಂದ ಒಪ್ಪುತ್ತಾನೆ. ಇಬ್ಬರ ನಂಬಿಕೆಯೂ ಕದಲುವುದಿಲ್ಲ.

ಹಾಗೆಂದು ಚಿತ್ರಕ್ಕೆ ಪ್ರಮಾಣಪತ್ರ ಕೊಡಲಾರೆ. ಯುದ್ಧಕ್ಕೆ ಮುನ್ನ ಅಹ್ಮದ್ ಅಲ್ಲಾಹನನ್ನು ‘ತಂದೆ’ ಎಂದು ಕರೆದು ಪ್ರಾರ್ಥಿಸುತ್ತಾನೆ. ಯಾವ ಮುಸ್ಲಿಮನೂ ಹಾಗೆ ಕರೆಯಲಾರ. ಮದ್ಯವನ್ನು ಮೊದಲು ನಿರಾಕರಿಸುವ ಅವನು, ಇದು ಜೇನಿನಿಂದ ಮಾಡಿದ್ದು ಎಂದಾಗ ಕುಡಿಯುತ್ತಾನೆ. ನಗಿಸುವ ಪ್ರಯತ್ನವಷ್ಟೆ, ಅಮಲು ಜೇನಿನಿಂದ ಬಂದರೂ ಅಮಲೇ. ಕರಡಿ ಚರ್ಮ ಹೊದ್ದ ಆ ನರಭಕ್ಷಕ ಶತ್ರುಗಳಿಗೆ ಮಾತನ್ನೇ ಕೊಟ್ಟಿಲ್ಲ. ಅರಬನನ್ನು ಮನುಷ್ಯನನ್ನಾಗಿಸಿದ ಚಿತ್ರಕ್ಕೂ ಮನುಷ್ಯರಲ್ಲದ ಇನ್ನೊಂದು ಪಂಗಡ ಬೇಕಾಯಿತು! ಇನ್ನು ನಿಜವಾದ ಅರಬ್ ನಟ ಉಮರ್ ಶರೀಫ್‌ಗೆ ಸಿಕ್ಕಿದ್ದು ಆರಂಭದ ಕೆಲವೇ ನಿಮಿಷಗಳ ದುಭಾಷಿಯ ಪಾತ್ರ. ಈ ಚಿತ್ರದ ನಂತರ, ಹಣಕ್ಕಾಗಿ ಇಂಥದ್ದನ್ನು ಮಾಡುವುದು ಸಾಕು ಎಂದು ಅವರು ಕೆಲಕಾಲ ನಟನೆಯಿಂದಲೇ ದೂರವಾದರು.

ಆದರೆ ದೊಡ್ಡ ತಪ್ಪು ನಮ್ಮದು. ಇಬ್ನ್ ಫದ್ಲಾನ್ ಕಾಲ್ಪನಿಕ ವ್ಯಕ್ತಿಯಲ್ಲ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಪ್ರೇಮ ಪ್ರಕರಣದಿಂದಾಗಿ ಗಡಿಪಾರಾದ ಕವಿ ಎಂಬುದು ಸಿನೆಮಾದ ಸೃಷ್ಟಿ. ನಿಜವಾದ ಇಬ್ನ್ ಫದ್ಲಾನ್ 921ರಲ್ಲಿ ಅಬ್ಬಾಸಿ ಖಲೀಫ ಅಲ್ ಮುಕ್ತದಿರ್‌ರ ನಿಯೋಗದೊಂದಿಗೆ ಬಗ್ದಾದಿನಿಂದ ಹೊರಟು, 922ರಲ್ಲಿ ವೋಲ್ಗಾ ನದಿ ತೀರದ ಬಲ್ಗರ್ ರಾಜನ ಬಳಿಗೆ ತಲುಪಿದವರು. ಧರ್ಮ ಕಲಿಸುವವರನ್ನು ಕಳಿಸಿ ಎಂದು ಆ ರಾಜನೇ ಕೇಳಿಕೊಂಡಿದ್ದ. ಅಲ್ಲಿ ಅವರು ರೂಸ್ ಜನಾಂಗದ ವ್ಯಾಪಾರಿಗಳನ್ನು ಕಂಡರು. ಖರ್ಜೂರದ ಮರದಂತೆ ಎತ್ತರದ ಅವರ ಮೈಕಟ್ಟನ್ನು ಮೆಚ್ಚಿದರು. ಅವರ ಕೊಳಕಿಗೆ ಹೇಸಿದರು. ಅವರ ಮುಖಂಡನೊಬ್ಬನನ್ನು ಹಡಗಿನ ಸಮೇತ ಸುಡುವುದನ್ನು ಕಣ್ಣಾರೆ ಕಂಡು ಬರೆದರು.

ಆ ಚಿತೆಯ ಬಳಿ ಒಬ್ಬ ರೂಸ್, ಅರಬರಾದ ನೀವು ಮೂರ್ಖರು, ಪ್ರೀತಿಪಾತ್ರರನ್ನು ಹುಳಗಳಿಗೆ ಆಹಾರವಾಗಲು ಮಣ್ಣಿಗೆ ಹಾಕುತ್ತೀರಿ, ನಾವು ಕ್ಷಣದಲ್ಲಿ ಸುಟ್ಟು ಸ್ವರ್ಗಕ್ಕೆ ಕಳಿಸುತ್ತೇವೆ ಎಂದು ಗೇಲಿ ಮಾಡಿದ. ಖಲೀಫರ ಪ್ರತಿನಿಧಿ ಅದನ್ನು ಮುಚ್ಚಿಡಲಿಲ್ಲ, ಪ್ರತಿಭಟಿಸಲೂ ಇಲ್ಲ. ದುಭಾಷಿಯಿಂದ ಕೇಳಿ ತಿಳಿದು, ಹಾಗೆಯೇ ದಾಖಲಿಸಿದರು. ಕಬರಸ್ತಾನ, ಸ್ಮಶಾನಗಳನ್ನೂ ಚುನಾವಣಾ ಭಾಷಣದ ಸರಕನ್ನಾಗಿಸಿದ ದೇಶದಲ್ಲಿರುವ ನಾವು ಈ ಪುಟವನ್ನು ಓದಬೇಡವೇ?

ನಾವು ಓದಲಿಲ್ಲ. ನಮ್ಮ ವೇದಿಕೆಗಳಲ್ಲಿ ಬಗ್ದಾದಿನ ಸುವರ್ಣ ಯುಗದ ಬಗ್ಗೆ ಭಾಷಣಗಳಿಗೆ ಬರವಿಲ್ಲ. ಆದರೆ ಆ ಯುಗ ಬರೆದಿಟ್ಟದ್ದನ್ನು ಓದುವವರಿಗೆ ಬರವಿದೆ. 1923ರಲ್ಲಿ ಮಶ್‌ಹದ್‌ನಲ್ಲಿ ದೊರೆತ ಹಸ್ತಪ್ರತಿಯ ಅನುವಾದ ಇಂದು ಇಂಗ್ಲಿಷಿನಲ್ಲಿ ಪೆಂಗ್ವಿನ್ ಪುಸ್ತಕವಾಗಿಯೂ (2012) ಲಭ್ಯವಿದೆ. ಅಮೆರಿಕದ ಕಾದಂಬರಿಕಾರನೊಬ್ಬ 1976ರಲ್ಲೇ ಈ ಪ್ರವಾಸ ಕಥನದಲ್ಲಿ ನಾಯಕನನ್ನು ಕಂಡ. ನಮಗೆ ಕಾಣಲಿಲ್ಲ.

ಆದ್ದರಿಂದ ಮುಂದಿನ ಚಿತ್ರ ನೋಡಿ ಹೊರಬಂದಾಗ ಪ್ರಶ್ನೆಯನ್ನು ಬದಲಿಸೋಣ. ಬೈದಿದ್ದಾರೆಯೇ, ಹೊಗಳಿದ್ದಾರೆಯೇ ಎಂಬುದಲ್ಲ. ಈ ಮುಸ್ಲಿಮನಿಗೆ ಪರೀಕ್ಷೆ ಬರೆಯದೆ ಬದುಕಲು ಬಿಟ್ಟಿದ್ದಾರೆಯೇ? ಮನರಂಜನೆ ಎನ್ನುವ ಗೆಳೆಯರೂ ಇದೇ ಪ್ರಶ್ನೆಯನ್ನು ಕೇಳಲಿ. ನಮ್ಮ ಮಟ್ಟಿಗೆ ಇನ್ನೊಂದು ಪ್ರಶ್ನೆಯೂ ಇದೆ. ಬೆಂಕಿಯ ಸುತ್ತ ಕುಳಿತವರ ಭಾಷೆಯನ್ನು, ಅವರ ಗೇಲಿಯನ್ನು ಕೂಡ, ಕಿವಿಗೊಟ್ಟು ಕೇಳಿ ಬರೆದಿಡುವವರನ್ನು ನಮ್ಮ ಮನೆಗಳು, ಮದ್ರಸಗಳು, ಕಾಲೇಜುಗಳು ಇಂದು ರೂಪಿಸುತ್ತಿವೆಯೇ?