ಭೌತಶಾಸ್ತ್ರದ ಬಹು ಆಯ್ಕೆಯ ಪ್ರಶ್ನೆಗಳೂ ನಮ್ಮ ಬಾಲಿಕೆಯರೂ

ಒಂದು ಪ್ರಶ್ನೆಯ ಕೆಳಗೆ ನಾಲ್ಕು ಉತ್ತರಗಳನ್ನು ಮುದ್ರಿಸಿ, ಸರಿಯಾದುದೊಂದನ್ನು ಆರಿಸಿರೆಂದು ಕೇಳುವ ಪರೀಕ್ಷಾಪದ್ಧತಿಯ ವಿಷಯದಲ್ಲಿ ನಮ್ಮ ತಾಯಿತಂದೆಗಳಲ್ಲಿ ಎರಡು ವಿಧವಾದ ಅಭಿಪ್ರಾಯಗಳುಂಟು. ಉತ್ತರವು ಕಣ್ಣೆದುರಿಗೇ ಇರುವಾಗ ಅದನ್ನು ಗುರುತಿಸುವುದು ಯಾವ ಮಹಾವಿದ್ಯೆಯೆಂದು ಕೆಲವರು ಹಗುರವಾಗಿ ಮಾತನಾಡುವರು. ಮತ್ತೆ ಕೆಲವರು ಇದರಲ್ಲಿ ಏನೋ ಒಂದು ಗುಟ್ಟಿರುವುದೆಂದೂ, ಆ ಗುಟ್ಟನ್ನು ಬಲ್ಲವರು ಟ್ಯೂಷನ್ ಮನೆಗಳಲ್ಲಿ ಮಾತ್ರ ಸಿಕ್ಕುವರೆಂದೂ ನಂಬಿ, ಸಾವಿರಾರು ಪ್ರಶ್ನೆಗಳುಳ್ಳ ದಪ್ಪ ಪುಸ್ತಕಗಳನ್ನು ಕೊಂಡು ಮಗಳ ಮುಂದಿಡುವರು. ಈ ಎರಡೂ ಸರಿಯಲ್ಲವೆಂದು ನನ್ನ ಎಣಿಕೆ. ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾವೇ ತಾಯಂದಿರಾಗಿರುವುದರಿಂದ, ವಿಶೇಷವಾಗಿ ಭೌತಶಾಸ್ತ್ರಕ್ಕೆ ಸಂಬಂಧಪಟ್ಟಂತೆ ಈ ವಿಷಯವನ್ನು ಸ್ವಲ್ಪ ವಿಸ್ತರಿಸಿ ಬರೆಯುವುದು ಉಚಿತವೆಂದು ತೋರಿತು.

ಈ ಪದ್ಧತಿಯು ನಿನ್ನೆ ಮೊನ್ನೆಯದಲ್ಲ. ಅಮೇರಿಕಾ ದೇಶದ ಕಾನ್ಸಾಸ್ ಪ್ರಾಂತದಲ್ಲಿ ಫ್ರೆಡರಿಕ್ ಕೆಲಿ ಎಂಬವರು ಮಕ್ಕಳ ಓದುವ ಶಕ್ತಿಯನ್ನು ಅಳೆಯುವುದಕ್ಕಾಗಿ 1915ರ ಸುಮಾರಿಗೆ ಇಂಥ ಪ್ರಶ್ನೆಗಳನ್ನು ರಚಿಸಿದರು. 1938ರ ಹೊತ್ತಿಗೆ ಐ.ಬಿ.ಎಂ. ಕಂಪೆನಿಯವರ ಉತ್ತರ ತಿದ್ದುವ ಯಂತ್ರವೂ ಬಳಕೆಗೆ ಬಂದಿತು. ಅದನ್ನು ಕಲ್ಪಿಸಿದ ರೇನಾಲ್ಡ್ ಜಾನ್ಸನ್ ಎಂಬವರು ಮೊದಲು ಪ್ರೌಢಶಾಲೆಯ ವಿಜ್ಞಾನದ ಉಪಾಧ್ಯಾಯರು. ಪೆನ್ಸಿಲ್ಲಿನ ಗ್ರಾಫೈಟು ವಿದ್ಯುದ್ವಾಹಕವಾದುದರಿಂದ, ಗುರುತು ಬಿದ್ದಲ್ಲಿ ವಿದ್ಯುತ್ತು ಹರಿಯುವುದು. ಯಂತ್ರವು ಆ ಪ್ರವಾಹವನ್ನು ಅಳೆದು ಅಂಕವನ್ನು ತೋರಿಸುವುದು. ತರಗತಿಯಲ್ಲಿ ಈ ಸಂಗತಿಯನ್ನು ಹೇಳಿದ ಮೇಲೆ ಗ್ರಾಫೈಟು ವಾಹಕವೆಂಬುದನ್ನು ಯಾವ ಹುಡುಗಿಯೂ ಮರೆತದ್ದನ್ನು ನಾನು ಕಂಡಿಲ್ಲ. ಈಗಿನ ಯಂತ್ರಗಳು ಬೆಳಕಿನ ಸಹಾಯದಿಂದ ಓದುತ್ತವೆ. ನಮ್ಮ ರಾಜ್ಯದಲ್ಲಿ ಕೊರೋನಾ ವ್ಯಾಧಿಯ ನಿಮಿತ್ತ 2021ನೆಯ ಜುಲೈ 19 ಮತ್ತು 22ರಂದು ಎಸ್.ಎಸ್.ಎಲ್.ಸಿ. ಪರೀಕ್ಷೆಯು ಸಂಪೂರ್ಣವಾಗಿ ಇದೇ ರೀತಿಯಲ್ಲಿ ನಡೆದಾಗ ಈ ಪ್ರಶ್ನೆಗಳ ಹೆದರಿಕೆಯು ಮನೆಮನೆಯನ್ನೂ ಹೊಕ್ಕಿತು. ಆಮೇಲೆ ಬರೆದು ಉತ್ತರಿಸುವ ಪ್ರಶ್ನೆಗಳು ಮರಳಿ ಬಂದರೂ ಒಂದೊಂದು ಅಂಕದ ಆಯ್ಕೆಯ ಪ್ರಶ್ನೆಗಳು ಉಳಿದಿವೆ. ಮುಂದೆ ಸಿ.ಇ.ಟಿ. ಪರೀಕ್ಷೆಯಲ್ಲಂತೂ ಭೌತಶಾಸ್ತ್ರದ 60 ಪ್ರಶ್ನೆಗಳಿಗೆ 80 ನಿಮಿಷಗಳು ಮಾತ್ರ.

ಆದರೆ ಈ ಪ್ರಶ್ನೆಗಳಲ್ಲಿ ಕಷ್ಟವಿರುವುದೆಲ್ಲಿ? ತಪ್ಪು ಉತ್ತರಗಳು ಸುಮ್ಮನೆ ಸ್ಥಳ ತುಂಬುವುದಕ್ಕಾಗಿ ಹಾಕಿದವುಗಳಲ್ಲ. ಒಂದೊಂದೂ ಒಂದೊಂದು ತಪ್ಪು ದಾರಿಯ ಕೊನೆಯಲ್ಲಿ ಕಾದು ಕುಳಿತಿರುತ್ತದೆ. ಹತ್ತನೆಯ ತರಗತಿಯ ಪ್ರಸಿದ್ಧವಾದ ಪ್ರಶ್ನೆಯೊಂದನ್ನು ನೋಡಿರಿ. R ಎಂಬ ರೋಧವುಳ್ಳ ತಂತಿಯನ್ನು ಐದು ಸಮಭಾಗಗಳಾಗಿ ಕತ್ತರಿಸಿ, ಆ ತುಂಡುಗಳನ್ನು ಸಮಾಂತರವಾಗಿ ಜೋಡಿಸಿದೆ. ಮೊದಲಿನ ರೋಧವು ಈಗಿನ ರೋಧದ ಎಷ್ಟು ಪಟ್ಟು? ಕೊಟ್ಟಿರುವ ಉತ್ತರಗಳು 1/25, 1/5, 5, 25. ಕತ್ತರಿಸಿದ್ದನ್ನು ಮಾತ್ರ ನೆನಪಿಟ್ಟು ಜೋಡಿಸಿದ್ದನ್ನು ಮರೆತವಳಿಗೆ 5 ಬರುವುದು. ಜೋಡಿಸಿದ್ದನ್ನು ನೆನಪಿಟ್ಟು ಕತ್ತರಿಸಿದ್ದನ್ನು ಮರೆತವಳಿಗೂ 5 ಬರುವುದು. ಎಲ್ಲವನ್ನೂ ಸರಿಯಾಗಿ ಮಾಡಿ ಕಡೆಯಲ್ಲಿ ಭಾಗಾಕಾರವನ್ನು ತಲೆಕೆಳಗು ಮಾಡಿದವಳಿಗೆ 1/25. ಪ್ರತಿಯೊಬ್ಬಳಿಗೂ ತನ್ನ ಉತ್ತರವು ಕಾಗದದ ಮೇಲೆ ಅಚ್ಚಾಗಿರುವುದನ್ನು ಕಂಡು ಸಮಾಧಾನವಾಗುವುದು! ತುಂಡಿನ ರೋಧವು ಐದರಲ್ಲೊಂದು, ಅಂಥ ಐದನ್ನು ಸಮಾಂತರವಾಗಿ ಜೋಡಿಸಲು ಮತ್ತೆ ಐದರಲ್ಲೊಂದು, ಆದುದರಿಂದ 25 ಎಂದು ತಾನೇ ಎಣಿಸಿದವಳು ಮಾತ್ರ ಮೋಸಹೋಗುವುದಿಲ್ಲ. 220 ವೋಲ್ಟಿಗೆ 100 ವ್ಯಾಟಿನ ದೀಪವನ್ನು 110 ವೋಲ್ಟಿಗೆ ಹಾಕಿದರೆ ಎಷ್ಟು ವ್ಯಾಟು ಎಂಬುದೂ ಹೀಗೆಯೇ. ಅರ್ಧವೆಂದು 50ನ್ನು ಆರಿಸುವವರೇ ಹೆಚ್ಚು. ವೋಲ್ಟು ಅರ್ಧವಾದಾಗ ಪ್ರವಾಹವೂ ಅರ್ಧವಾಗಿ 25 ಆಗುವುದೆಂಬುದು ಹೊಳೆಯುವುದಿಲ್ಲ.

1992ರಲ್ಲಿ ಡೇವಿಡ್ ಹೆಸ್ಟೆನೆಸ್ ಮತ್ತು ಅವರ ಇಬ್ಬರು ಜೊತೆಗಾರರು ಬಲ ಮತ್ತು ಚಲನೆಯ ವಿಷಯವಾಗಿ ಆಯ್ಕೆಯ ಪ್ರಶ್ನೆಗಳ ಒಂದು ಮಾಲೆಯನ್ನು ಪ್ರಕಟಿಸಿದರು. ಅದರ ತಪ್ಪು ಉತ್ತರಗಳೆಲ್ಲ ಜನರು ಸಹಜವಾಗಿ ನಂಬಿರುವ ಮಾತುಗಳೇ. ಮೇಲಕ್ಕೆ ಎಸೆದ ಚೆಂಡಿನೊಳಗೆ ಕೈಯ ಬಲವು ಇನ್ನೂ ಇರುವುದೆಂಬುದು ಅಂಥದೊಂದು. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಎರಿಕ್ ಮಜೂರ್ ಎಂಬ ಪ್ರಾಧ್ಯಾಪಕರು ಇಂಥ ಪ್ರಶ್ನೆಗಳನ್ನು ತಮ್ಮ ವಿದ್ಯಾರ್ಥಿಗಳ ಮುಂದಿಟ್ಟಾಗ, ಕಠಿಣವಾದ ಲೆಕ್ಕಗಳನ್ನು ಮಾಡಬಲ್ಲವರೂ ಸುಲಭವಾದ ಇವುಗಳಲ್ಲಿ ತಡವರಿಸಿದರು. ಅಂದಿನಿಂದ ಅವರು ಪಾಠದ ನಡುವೆ ಇಂಥ ಒಂದು ಪ್ರಶ್ನೆಯನ್ನು ಕೇಳಿ, ಪ್ರತಿಯೊಬ್ಬರೂ ಒಂಟಿಯಾಗಿ ಉತ್ತರವನ್ನು ಗೊತ್ತುಮಾಡಿಕೊಂಡ ಬಳಿಕ ಪಕ್ಕದವರೊಡನೆ ವಾದಿಸುವಂತೆ ಮಾಡಿ, ಪುನಃ ಉತ್ತರ ಕೇಳುವ ಕ್ರಮವನ್ನು ಹಿಡಿದರು. ನನ್ನ ಅಭಿಪ್ರಾಯದಲ್ಲಿ ಇದಕ್ಕಿಂತ ಒಳ್ಳೆಯ ಅಭ್ಯಾಸವು ಬೇರೊಂದಿಲ್ಲ. ಅದಕ್ಕೆ ಖರ್ಚೂ ಇಲ್ಲ.

ನಮ್ಮ ಬಾಲಿಕೆಯರಿಗೆ ನಾನು ಹೇಳುವುದಿಷ್ಟೇ: ಮೊದಲು ನಾಲ್ಕು ಉತ್ತರಗಳನ್ನೂ ಒಂದು ಕಾಗದದಿಂದ ಮುಚ್ಚಿರಿ. ಪ್ರಶ್ನೆಯನ್ನು ಓದಿ, ಚಿತ್ರ ಬರೆದು, ನಿಮ್ಮದೇ ಆದ ಉತ್ತರವನ್ನು ಗೊತ್ತುಮಾಡಿಕೊಂಡು ಆಮೇಲೆ ಕಾಗದವನ್ನು ಸರಿಸಿರಿ. ಪೀನ ಮಸೂರದ ಅರ್ಧಭಾಗಕ್ಕೆ ಕಪ್ಪು ಕಾಗದವನ್ನು ಅಂಟಿಸಿದರೆ ಪ್ರತಿಬಿಂಬವು ಏನಾಗುವುದು? ಉತ್ತರಗಳನ್ನು ಮೊದಲೇ ನೋಡಿದವಳ ಕಣ್ಣು ‘ಅರ್ಧ ಪ್ರತಿಬಿಂಬ’ ಎಂಬಲ್ಲಿಗೆ ಓಡುವುದು. ಕಿರಣಗಳನ್ನು ಬರೆದು ನೋಡಿದವಳಾದರೋ, ವಸ್ತುವಿನ ಪ್ರತಿಯೊಂದು ಬಿಂದುವಿನಿಂದ ಹೊರಟ ಬೆಳಕು ಮಸೂರದ ಉಳಿದರ್ಧದ ಮೂಲಕವೂ ಹಾಯುವುದರಿಂದ ಪ್ರತಿಬಿಂಬವು ಪೂರ್ಣವಾಗಿಯೇ ಇರುವುದು, ಹೊಳಪು ಮಾತ್ರ ಕುಂದುವುದು ಎಂದು ತಿಳಿಯುವಳು. ಸಂಶಯವಿದ್ದವರು ಮನೆಯಲ್ಲಿರುವ ಭೂತಗನ್ನಡಿಯಿಂದ ಕಿಟಕಿಯ ಪ್ರತಿಬಿಂಬವನ್ನು ಎದುರು ಗೋಡೆಯ ಮೇಲೆ ಬೀಳಿಸಿ, ಗಾಜಿನ ಅರ್ಧವನ್ನು ರಟ್ಟಿನಿಂದ ಮುಚ್ಚಿ ನೋಡಬಹುದು. ಹಾಗೆ ನೋಡಿದವರಿಗೆ ದಪ್ಪ ಪುಸ್ತಕದ ಹತ್ತು ಪುಟಗಳು ಬೇಡವಾಗುವುವು. ಸರಿಯುತ್ತರ ಸಿಕ್ಕಿದ ಮೇಲೆಯೂ ಉಳಿದ ಮೂರು ಏಕೆ ತಪ್ಪೆಂದು ಒಂದೊಂದು ವಾಕ್ಯ ಬರೆಯತಕ್ಕದ್ದು. ಒಂದು ಸಂಜೆಗೆ ಐದು ಪ್ರಶ್ನೆಗಳು ಸಾಕು.

ಸಣ್ಣ ಉಪಾಯಗಳೂ ಇಲ್ಲದಿಲ್ಲ. ಪ್ರಶ್ನೆಯಲ್ಲಿ ‘ಅಲ್ಲ’, ‘ಇಲ್ಲ’ ಎಂಬ ಪದಗಳಿದ್ದರೆ ಅಡಿಗೆರೆ ಹಾಕುವುದು. ಏಕಮಾನಗಳನ್ನು ತಾಳೆ ನೋಡುವುದು. ವಿದ್ಯುತ್ ಸಾಮರ್ಥ್ಯವನ್ನು ಸೂಚಿಸದೆ ಇರುವುದು ಯಾವುದೆಂದು ಕೇಳಿದಾಗ, ಮೊದಲು ಕಂಡ I²R ಎಂಬುದಕ್ಕೇ ಗುರುತು ಹಾಕಿ ಮುಂದೆ ಹೋಗುವ ಆತುರಗಾರ್ತಿಯರು ಪ್ರತಿ ವರ್ಷವೂ ಇರುವರು.

ನನ್ನ ಮನಸ್ಸನ್ನು ಹೆಚ್ಚಾಗಿ ಬಾಧಿಸುವುದು ತಪ್ಪು ಉತ್ತರಗಳಲ್ಲ, ಖಾಲಿ ಬಿಟ್ಟ ಉತ್ತರಗಳು. ತಿಳಿಯದಿದ್ದುದನ್ನು ಹೇಳಬಾರದೆಂದು ನಾವು ಹೆಣ್ಣುಮಕ್ಕಳಿಗೆ ಚಿಕ್ಕಂದಿನಿಂದ ಕಲಿಸುವೆವು. ಅದು ಒಳ್ಳೆಯ ನಡತೆಯೇ ಸರಿ. ಆದರೆ ಅರ್ಧ ತಿಳಿದುದನ್ನೂ ಆಡದೆ ನುಂಗಿಕೊಳ್ಳುವ ಅಭ್ಯಾಸವು ಅದರ ಬೆನ್ನಿಗೇ ಬರುವುದು. ತಪ್ಪಿಗೆ ಅಂಕ ಕಳೆಯುವ ನಿಯಮವಿದ್ದಾಗ ಸ್ತ್ರೀಯರು ಪುರುಷರಿಗಿಂತ ಹೆಚ್ಚು ಪ್ರಶ್ನೆಗಳನ್ನು ಖಾಲಿ ಬಿಡುವರೆಂದು ಕ್ಯಾಥರಿನ್ ಬಾಲ್ಡಿಗ ಎಂಬ ವಿದುಷಿಯು 2014ರಲ್ಲಿ ತೋರಿಸಿಕೊಟ್ಟರು. ಚಿಲಿ ದೇಶದ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಆ ನಿಯಮವನ್ನು ತೆಗೆದುಹಾಕಿದ ಬಳಿಕ ಈ ಅಂತರವು ಬಹಳವಾಗಿ ಕುಗ್ಗಿತೆಂದು 2020ರಲ್ಲಿ ಪ್ರಕಟವಾದ ಅಧ್ಯಯನವು ತಿಳಿಸುತ್ತದೆ. ಎಸ್.ಎಸ್.ಎಲ್.ಸಿ.ಯಲ್ಲಾಗಲಿ ಸಿ.ಇ.ಟಿ.ಯಲ್ಲಾಗಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ; ಅಲ್ಲಿ ಖಾಲಿ ಬಿಡುವುದೆಂದರೆ ಬರಿಯ ನಷ್ಟ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯಲ್ಲಿ ಸರಿಗೆ ನಾಲ್ಕು ಅಂಕ ಕೊಟ್ಟು ತಪ್ಪಿಗೆ ಒಂದನ್ನು ಕಳೆಯುವರು. ಅಲ್ಲಿಯೂ ಎರಡು ಉತ್ತರಗಳು ಖಂಡಿತವಾಗಿ ತಪ್ಪೆಂದು ತಿಳಿದವಳು ಉಳಿದೆರಡರಲ್ಲಿ ಒಂದನ್ನು ಆರಿಸುತ್ತ ಹೋದರೆ, ಸರಾಸರಿಯಲ್ಲಿ ಎರಡು ಪ್ರಶ್ನೆಗಳಿಗೆ ಮೂರು ಅಂಕದ ಲಾಭವೇ ಆಗುವುದು. ಇದನ್ನು ಜೂಜೆಂದು ಕೆಲವು ತಂದೆಗಳು ನನ್ನೊಡನೆ ವಾದಿಸಿದ್ದಾರೆ. ಕಾರಣ ಕೊಟ್ಟು ಎರಡನ್ನು ತಳ್ಳಿದವಳದು ಜೂಜಲ್ಲ, ಅರ್ಧ ಜ್ಞಾನ. ಆ ಅರ್ಧಕ್ಕೆ ಸಲ್ಲುವ ಬೆಲೆಯನ್ನು ಅವಳು ಪಡೆಯಲಿ. ಭೌತಶಾಸ್ತ್ರವು ತನಗೆ ಹೇಳಿದ್ದಲ್ಲವೆಂದು ಪಿ.ಯು.ಸಿ.ಯಲ್ಲಿ ವಿಜ್ಞಾನವನ್ನು ಬಿಟ್ಟುಹೋಗುವ ಬಾಲಿಕೆಯರಲ್ಲಿ ಕೆಲವರ ಉತ್ತರಪತ್ರಿಕೆಗಳನ್ನು ನೋಡಿರುವೆನು. ಅವುಗಳಲ್ಲಿ ತಪ್ಪುಗಳಿಗಿಂತ ಖಾಲಿ ಸ್ಥಳವೇ ಹೆಚ್ಚು.

ತಾಯಿತಂದೆಗಳು ಏನು ಮಾಡಬಹುದೆಂದು ಕೇಳುವರು. ತಮಗೆ ಭೌತಶಾಸ್ತ್ರವು ಬಾರದೆಂದು ತಾಯಂದಿರು ಹಿಂಜರಿಯಬೇಕಾದುದಿಲ್ಲ. ಮಗಳು ಒಂದು ಉತ್ತರವನ್ನು ಆರಿಸಿದಾಗ ‘ಯಾಕಮ್ಮಾ?’ ಎಂದೂ, ‘ಮತ್ತೆ ಇದು ಯಾಕೆ ಬೇಡ?’ ಎಂದೂ ಕೇಳುತ್ತ, ಅವಳು ಹೇಳುವುದನ್ನು ನಡುವೆ ಬಾಯಿ ಹಾಕದೆ ಕೇಳಿದರೆ ಸಾಕು. ಎಷ್ಟು ಅಂಕ ಬಂತೆಂಬ ಪ್ರಶ್ನೆಯನ್ನು ಆ ಹೊತ್ತಿಗೆ ಬದಿಗಿಡಿರಿ.

ಬರುವ ಜೂನ್ ತಿಂಗಳಿಂದ ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ನಮ್ಮ ಒಂಬತ್ತು ಮತ್ತು ಹತ್ತನೆಯ ತರಗತಿಯ ಬಾಲಿಕೆಯರು ತಾವೇ ಇಂಥ ಪ್ರಶ್ನೆಗಳನ್ನು ರಚಿಸಿ ಒಬ್ಬರನ್ನೊಬ್ಬರು ಕೇಳುವರು. ಗೆಳತಿಯು ನಂಬುವಂಥ ಮೂರು ತಪ್ಪು ಉತ್ತರಗಳನ್ನು ಹುಡುಕುವುದು ಎಷ್ಟು ಕಷ್ಟವೆಂಬುದು ಅವರಿಗೆ ಆಗ ತಿಳಿಯುವುದು. ಹಳೆಯ ವಿದ್ಯಾರ್ಥಿನಿಯರಲ್ಲಿ ವಿಜ್ಞಾನವನ್ನು ಓದಿದವರು ಬಿಡುವಿದ್ದಾಗ ಬಂದು ಆ ಬೆಂಚುಗಳಲ್ಲಿ ಕುಳಿತರೆ ನಮಗೆಲ್ಲರಿಗೂ ಸಂತೋಷ. ಆದರೆ ಪ್ರಶ್ನೆ ಕೇಳುವವರು ಮಕ್ಕಳು. ಉತ್ತರ ಹೇಳಬೇಕಾದವರು ನೀವು.